ಸ್ಕ್ರೀನ್ ರೆಕಾರ್ಡ್ ಮಾಡಿ ಪಾಠ ಹೇಳಬೇಕೆ? ಯಾವ ದಾರಿ ಯಾರಿಗೆ

ಗದಗದಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ಕ್ಲಾಸ್ ಇದೆ. ಮುಳಗುಂದ ನಾಕಾದಿಂದ ಸ್ವಲ್ಪ ಒಳಗೆ, ಮಹಡಿ ಮೇಲೆ. ನುಡಿ (ಕನ್ನಡ ಬರೆಯುವ ಸಾಫ್ಟ್‌ವೇರ್) ಟೈಪಿಂಗ್, ಟ್ಯಾಲಿ (ಲೆಕ್ಕಪತ್ರ ಇಡುವ ಸಾಫ್ಟ್‌ವೇರ್), ಡಿಟಿಪಿ (ಅಚ್ಚಿಗೆ ಕೊಡುವ ಪುಟವನ್ನು ಕಂಪ್ಯೂಟರಿನಲ್ಲಿ ಜೋಡಿಸೋದು) ಕಲಿಸುತ್ತೇನೆ. ಗದಗಕ್ಕೆ ಮುದ್ರಣ ಕಾಶಿ ಅನ್ನೋ ಹೆಸರಿದೆಯಲ್ಲ, ಡಿಟಿಪಿ ಸರಿಯಾಗಿ ಕಲಿತವರಿಗೆ ಇಲ್ಲಿ ಪ್ರೆಸ್‌ಗಳಲ್ಲಿ ಕೆಲಸಕ್ಕೆ ತೊಂದರೆ ಇಲ್ಲ. ಹುಡುಗರು ಹಳ್ಳಿಗಳಿಂದ ಬಸ್ಸಿಗೆ ಬರುತ್ತಾರೆ. ಸುಗ್ಗಿ ಬಂತು, ಮದುವೆ ಬಂತು, ಬಸ್ ತಪ್ಪಿತು ಅಂದರೆ ಪಾಠ ತಪ್ಪಿತು.

ಅವರಿಗೆ ಅನುಕೂಲ ಆಗಲಿ ಅಂತ ಒಂದು ಭಾನುವಾರ ಕೂತು ನುಡಿ ಪಾಠ ಪೂರ್ತಿ ರೆಕಾರ್ಡ್ ಮಾಡಿದೆ. 42 ನಿಮಿಷ. ಒಂದೇ ಉಸಿರು. ನನಗಂತೂ ಬಹಳ ಚಂದ ಆಗಿದೆ ಅನಿಸಿತ್ತು. ಮರುದಿನ ಒಬ್ಬ ಹುಡುಗಿ ಬಂದು ಹೇಳಿದ್ದು ಇಷ್ಟು: "ಸರ, ನೀವು ಯಾವ ಕೀ ಒತ್ತಿದ್ರಿ ಅನ್ನೋದ ಕಾಣಂಗಿಲ್ರೀ. ಅಕ್ಷರ ತಾನ ಬಂದಂಗ ಆಗ್ತೈತಿ."

ನಿಜ. ನುಡಿಯಲ್ಲಿ 'ಅಕ್ಷರ' ಅನ್ನೋ ಪದ ಮೂಡಬೇಕಾದರೆ ಎ, ಕೆ, ಎಫ್, ಎಕ್ಸ್, ಆರ್ ಅಂತ ಐದು ಕೀ ಒತ್ತಬೇಕು. ಎಫ್ ಅನ್ನೋದು ಒತ್ತಕ್ಷರ ಕೂಡಿಸುವ ಕೀ. ಎಕ್ಸ್ ಒತ್ತಿದರೆ ಷ. ಇದು ಯಾರಿಗಾದರೂ ತಾನಾಗಿ ಹೊಳೆಯುವ ವಿಷಯವಾ? ನನ್ನ ವಿಡಿಯೋದಲ್ಲಿ ಕಂಡಿದ್ದು ಖಾಲಿ ಹಾಳೆ, ಅದರ ಮೇಲೆ ಮಾಯದಂತೆ ಮೂಡಿದ ಮೂರು ಅಕ್ಷರ. ಕಲಿಯಬೇಕಾದದ್ದೆಲ್ಲ ಸ್ಕ್ರೀನಿನ ಹೊರಗೇ ಉಳಿದಿತ್ತು.

ಆವತ್ತಿನಿಂದ ರೆಕಾರ್ಡಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ವಾಪಸ್ ಕೇಳುತ್ತೇನೆ: ನೋಡೋರು ಯಾವುದರಲ್ಲಿ ನೋಡುತ್ತಾರೆ, ಅವರ ಕಣ್ಣಿಗೆ ಏನು ಕಾಣದೆ ಹೋಗುತ್ತದೆ? ಮಿಕ್ಕಿದ್ದೆಲ್ಲ ಅಲ್ಲಿಂದಲೇ ಆರಿಸಿಕೊಳ್ಳಬೇಕು.

ನಾವೇ ಮಾಡಬೇಕಾ, ಇದ್ದದ್ದು ಸಾಕಾ?

ಎಷ್ಟೋ ಪಾಠಗಳನ್ನು ನಾವು ಮಾಡುವ ಅಗತ್ಯವೇ ಇಲ್ಲ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅನ್ನೋ ಯೋಜನೆ ಇದೆ. ಲಿಬ್ರೆ ಆಫೀಸ್, ಲಿನಕ್ಸ್, ಪೈಥಾನ್, ಜಿಂಪ್ ಹೀಗೆ ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳಿಗೆ ಸ್ಕ್ರೀನ್ ರೆಕಾರ್ಡ್ ಪಾಠಗಳು. ಒಂದೊಂದೂ ಸುಮಾರು 10 ನಿಮಿಷ. ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ಚಿತ್ರ ಇಂಗ್ಲಿಷ್‌ನಲ್ಲೇ ಇರುತ್ತದೆ, ಮಾತು ಮಾತ್ರ ಕನ್ನಡ. ಇದು ಒಳ್ಳೆಯ ಉಪಾಯ. ಯಾಕೆಂದರೆ ನಾಳೆ ಕೆಲಸಕ್ಕೆ ಹೋದಲ್ಲಿ ಮೆನು ಇಂಗ್ಲಿಷ್‌ನಲ್ಲೇ ಇರುತ್ತದೆ ಅಲ್ವಾ. ಅವರು ಹೇಳುವ ಕ್ರಮವೂ ಸರಿ ಇದೆ: ಸ್ಕ್ರೀನಿನ ಒಂದು ಕಡೆ ವಿಡಿಯೋ, ಇನ್ನೊಂದು ಕಡೆ ಸಾಫ್ಟ್‌ವೇರ್. ಸ್ವಲ್ಪ ನೋಡು, ನಿಲ್ಲಿಸು, ಮಾಡು, ಮುಂದೆ ಹೋಗು.

ಶಾಲೆಯ ಪಠ್ಯದ ವಿಷಯಕ್ಕೆ ಕೇಂದ್ರ ಸರ್ಕಾರದ ದೀಕ್ಷಾ ಅನ್ನೋ ಆಪ್ ಇದೆ. 2017ರಲ್ಲಿ ಶುರುವಾದದ್ದು. ಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಸಾಕು.

ಹಾಗಾದರೆ ನಾವು ಮಾಡಬೇಕಾದದ್ದು ಯಾವುದು? ಬೇರೆ ಯಾರೂ ಮಾಡದೇ ಇರೋದು. ನಮ್ಮೂರ ಪ್ರೆಸ್‌ನಲ್ಲಿ ಲಗ್ನಪತ್ರಿಕೆ ಜೋಡಿಸುವ ಕ್ರಮ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯ ಅಂಗಡಿಯಲ್ಲಿ ಬಿಲ್ ಎಂಟ್ರಿ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸೋದು. ಇಂಥವಕ್ಕೆ ಸಿದ್ಧ ವಿಡಿಯೋ ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ, ಸಿಕ್ಕಿದ್ದೂ ಹಳೇ ಆವೃತ್ತಿಯದ್ದಾಗಿರುತ್ತದೆ. ಮೆನು ಬೇರೆ ಕಡೆ ಇದ್ದರೆ ಹೊಸದಾಗಿ ಕಲಿಯೋರು ಅಲ್ಲೇ ನಿಂತುಬಿಡುತ್ತಾರೆ.

ಸ್ಕ್ರೀನ್ ಒಂದೇ ಸಾಕಾ, ಕೀ ಕಾಣಬೇಕಾ, ಕೈ ಕಾಣಬೇಕಾ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಇದು. ಜನ ಇದನ್ನು ಯೋಚಿಸೋದೇ ಇಲ್ಲ. ಸೀದಾ ಸಾಫ್ಟ್‌ವೇರ್ ಇಳಿಸಿಕೊಳ್ಳಲು ಕೂತುಬಿಡುತ್ತಾರೆ.

ಡಿಸೈನ್ ಕೆಲಸ ಬಹುತೇಕ ಮೌಸ್‌ನದ್ದು. ಕೋರೆಲ್ ಡ್ರಾದಲ್ಲಿ ಕಾರ್ಡಿನ ಅಂಚು ಎಳೆಯೋದು, ಬಣ್ಣ ತುಂಬೋದು. ಇದಕ್ಕೆ ಸ್ಕ್ರೀನ್ ಒಂದೇ ಸಾಕು, ಆದರೆ ಬಾಣದ ಗುರುತು ಎಲ್ಲಿದೆ ಅನ್ನೋದು ಕಾಣಬೇಕು. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿ ಮೌಸ್ ಹೈಲೈಟರ್ ಅಂತ ಇದೆ, ಒತ್ತಿದಾಗಲೆಲ್ಲ ಬಣ್ಣದ ಚುಕ್ಕೆ ಮೂಡುತ್ತದೆ. ಅವರದ್ದೇ ಝೂಮ್‌ಇಟ್ ಅನ್ನೋ ಪುಟಾಣಿ ಪ್ರೋಗ್ರಾಂ ಇನ್ನೂ ಒಳ್ಳೇದು. ಕಂಟ್ರೋಲ್ ಜೊತೆ 1 ಒತ್ತಿದರೆ ಆ ಜಾಗ ದೊಡ್ಡದಾಗುತ್ತದೆ, ಕಂಟ್ರೋಲ್ ಜೊತೆ 2 ಒತ್ತಿದರೆ ಸ್ಕ್ರೀನ್ ಮೇಲೆ ಗೆರೆ ಎಳೆಯಬಹುದು. ಎರಡೂ ಉಚಿತ.

ಟ್ಯಾಲಿ ಹಾಗಲ್ಲ. ಪಳಗಿದವರು ಅದರಲ್ಲಿ ಮೌಸ್ ಮುಟ್ಟೋದೇ ಇಲ್ಲ. ಎಫ್8 ಒತ್ತಿದರೆ ಸೇಲ್ಸ್, ಎಫ್9 ಒತ್ತಿದರೆ ಪರ್ಚೇಸ್, ಕಂಟ್ರೋಲ್ ಎ ಒತ್ತಿದರೆ ಎಂಟ್ರಿ ಉಳಿಯಿತು. ನೋಡೋರ ಕಣ್ಣಿಗೆ ಪರದೆ ತಾನಾಗಿ ಬದಲಾಗುತ್ತಾ ಹೋಗುತ್ತದೆ. ಇಲ್ಲಿ ಒತ್ತಿದ ಕೀ ಹೆಸರು ಮೂಲೆಯಲ್ಲಿ ಮೂಡುವ ಹಾಗೆ ಮಾಡಬೇಕು. ಅದಕ್ಕೆ ವಿಂಡೋಸ್‌ನಲ್ಲಿ ಕಾರ್ನಾಕ್, ಲಿನಕ್ಸ್‌ನಲ್ಲಿ ಸ್ಕ್ರೀನ್‌ಕೀ, ಮ್ಯಾಕ್‌ನಲ್ಲಿ ಕೀಕಾಸ್ಟರ್ ಇವೆ. ಒಂದು ಎಚ್ಚರ: ಅದು ಚಾಲೂ ಇರುವಾಗ ಪಾಸ್‌ವರ್ಡ್ ಹೊಡೆದರೆ ಅದೂ ಊರಿಗೆಲ್ಲ ಕಾಣುತ್ತದೆ.

ಏನೂ ಇಳಿಸಿಕೊಳ್ಳೋದು ಬೇಡ ಅನ್ನೋರಿಗೆ ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡ್ ಇದೆ. ವಿಂಡೋಸ್ ಕೀ, ಕಂಟ್ರೋಲ್, ಓ ಮೂರೂ ಒಟ್ಟಿಗೆ ಒತ್ತಿ. ಕೆಳಗೆ ಕೀಬೋರ್ಡ್ ಚಿತ್ರ ಬರುತ್ತದೆ. ನೀವು ನಿಮ್ಮ ಕೀಬೋರ್ಡಿನಲ್ಲಿ ಒತ್ತಿದ ಕೀ ಅಲ್ಲಿ ಮಿನುಗುತ್ತದೆ. ಜಾಗ ಜಾಸ್ತಿ ತಿನ್ನುತ್ತದೆ, ಹೌದು. ಆದರೆ ಕೀ ಹೆಸರಿನ ಜೊತೆಗೆ ಅದು ಕೀಬೋರ್ಡಿನಲ್ಲಿ ಎಲ್ಲಿದೆ ಅನ್ನೋದೂ ಕಾಣುತ್ತದೆ. ನುಡಿ ಪಾಠಕ್ಕೆ ಈಗ ನಾನು ಇದನ್ನೇ ಬಳಸುತ್ತೇನೆ. ಜೊತೆಗೆ ಬಾಯಿಂದಲೂ ಹೇಳುತ್ತೇನೆ: "ಕೆ... ಎಫ್... ಎಕ್ಸ್... ನೋಡಿ, ಕ್ಷ ಆಯಿತು."

ಯಾವ ಬೆರಳು ಯಾವ ಕೀಗೆ ಅನ್ನೋದನ್ನು ಮಾತ್ರ ಯಾವ ಸ್ಕ್ರೀನ್ ರೆಕಾರ್ಡಿಂಗೂ ತೋರಿಸಲಾರದು. ಅದಕ್ಕೆ ಫೋನನ್ನೇ ಮೇಲಿನಿಂದ ಕೆಳಗೆ ಮುಖ ಮಾಡಿ ಇಟ್ಟು ಕೈ ಶೂಟ್ ಮಾಡಬೇಕು. ನಾನು ಎರಡು ಸ್ಟೂಲ್ ಮೇಲೆ ಒಂದು ಪಟ್ಟಿ ಇಟ್ಟು, ಪಟ್ಟಿಗೆ ಫೋನ್ ಕಟ್ಟಿ ಮಾಡಿದ್ದೇನೆ. ನೋಡೋಕೆ ಹಗ್ಗದ ಮಂಚದ ತರ ಇತ್ತು. ಕೆಲಸ ಆಯಿತು.

ಯಾವುದರಲ್ಲಿ ರೆಕಾರ್ಡ್ ಮಾಡೋದು

ಫೋನಿನ ಪಾಠ ಆದರೆ ಫೋನಿನಲ್ಲೇ ಮಾಡಿ. ಆಂಡ್ರಾಯ್ಡ್ 11ರಿಂದ ಈಚೆಗೆ ಸ್ಕ್ರೀನ್ ರೆಕಾರ್ಡರ್ ಫೋನ್ ಜೊತೆಗೇ ಬರುತ್ತದೆ, ಮೇಲಿನಿಂದ ಕೆಳಗೆ ಎಳೆದರೆ ಸಿಗುತ್ತದೆ. ಶುರು ಮಾಡುವ ಮೊದಲು ಎರಡು ಆಯ್ಕೆ ಆನ್ ಮಾಡಿ: ಮೈಕ್, ಮತ್ತು ಬೆರಳು ಮುಟ್ಟಿದ ಜಾಗ ತೋರಿಸು ಅನ್ನೋದು. ಎರಡನೆಯದು ಇಲ್ಲದಿದ್ದರೆ ಮತ್ತೆ ಅದೇ ಮಾಯದ ಕಥೆ.

ಒಂದು ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ ಫೋನಿನಲ್ಲಿ ಹಣ ಕಳಿಸೋದು ಹೇಳಿಕೊಡಲು ಹೀಗೇ ಒಂದು ವಿಡಿಯೋ ಮಾಡಿದ್ದೆ. ನೋಡಿದರೆ ಪಿನ್ ಹೊಡೆಯುವ ಜಾಗ ಪೂರ್ತಿ ಕಪ್ಪು. ಫೋನ್ ಕೆಟ್ಟಿಲ್ಲ. ಹಣದ ಆಪ್‌ಗಳು ಅಂಥ ಪರದೆ ರೆಕಾರ್ಡ್ ಆಗದಂತೆ ಬೇಕಂತಲೇ ತಡೆಯುತ್ತವೆ. ತಡೆಯಲೇಬೇಕು ಕೂಡ. ಆ ಜಾಗಕ್ಕೆ ನಾನು ಒಂದು ಹಾಳೆಯಲ್ಲಿ ಪಿನ್ ಪರದೆಯ ಚಿತ್ರ ಬರೆದು, ಅದರ ಫೋಟೋ ಸೇರಿಸಿದೆ. ಅದರ ಮೇಲೆ "ಇದನ್ನ ಯಾರಿಗೂ ಹೇಳಬ್ಯಾಡ್ರಿ" ಅಂತ ದೊಡ್ಡದಾಗಿ ಬರೆದಿದ್ದೆ. ವಿಡಿಯೋದಲ್ಲಿ ಎಲ್ಲರಿಗೂ ನೆನಪಿರೋದು ಅದೊಂದೇ.

ಕಂಪ್ಯೂಟರಿನ ಪಾಠಕ್ಕೆ ಬಂದರೆ ದಾರಿ ನಾಲ್ಕೈದು ಇವೆ.

ವಿಂಡೋಸ್ 11 ಇದ್ದರೆ ಸ್ನಿಪ್ಪಿಂಗ್ ಟೂಲ್ ಸಾಕು. ವಿಂಡೋಸ್, ಶಿಫ್ಟ್, ಆರ್ ಒತ್ತಿ, ಬೇಕಾದ ಜಾಗಕ್ಕೆ ಚೌಕ ಎಳೆದು, ಮೈಕ್ ಆನ್ ಮಾಡಿ ಶುರು ಮಾಡೋದು. ಮಧ್ಯದಲ್ಲಿ ನಿಲ್ಲಿಸಿ ಮುಂದುವರಿಸಬಹುದು. ವಾರಕ್ಕೊಂದು ಸಣ್ಣ ವಿಡಿಯೋ ಮಾಡುವ ಶಾಲಾ ಶಿಕ್ಷಕರಿಗೆ ಇದಕ್ಕಿಂತ ಹೆಚ್ಚಿಂದು ಬೇಡ. ನಿಜವಾಗಲೂ ಬೇಡ. ಸುಮ್ನೆ ದೊಡ್ಡ ಸಾಫ್ಟ್‌ವೇರ್ ಹಾಕಿಕೊಂಡು, ಅದರ ಸೆಟ್ಟಿಂಗ್ ಕಲಿಯೋದರಲ್ಲೇ ಬೇಸಿಗೆ ರಜೆ ಕಳೆದವರನ್ನು ನೋಡಿದ್ದೇನೆ.

ವಿಂಡೋಸ್ 10ರಲ್ಲಿ ಗೇಮ್ ಬಾರ್ ಇದೆ. ವಿಂಡೋಸ್, ಆಲ್ಟ್, ಆರ್ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಆದರೆ ಅದು ಒಂದು ಆಪ್‌ನ ಕಿಟಕಿಯನ್ನಷ್ಟೇ ಹಿಡಿಯುತ್ತದೆ. ಡೆಸ್ಕ್‌ಟಾಪ್ ಹಿಡಿಯೋದಿಲ್ಲ, ಫೈಲ್ ಎಕ್ಸ್‌ಪ್ಲೋರರ್ ಹಿಡಿಯೋದಿಲ್ಲ. ಹೊಸಬರಿಗೆ ಮೊದಲು ಕಲಿಸೋದೇ ಫೈಲ್ ಎಲ್ಲಿಟ್ಟೆ, ಹೇಗೆ ಹುಡುಕೋದು ಅನ್ನೋದು. ಅದೇ ಬರದಿದ್ದರೆ ಏನು ಮಾಡೋದು? ಹೆಸರೇ ಹೇಳುವ ಹಾಗೆ ಅದು ಆಟದವರಿಗೆ ಮಾಡಿದ್ದು.

ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಜೊತೆ ಧ್ವನಿ ಸೇರಿಸಿ ವಿಡಿಯೋ ಮಾಡಬಹುದು. ವಿಜ್ಞಾನ, ಸಮಾಜ ಹೇಳೋರಿಗೆ ಅನುಕೂಲ. ಇದರ ದೊಡ್ಡ ಸುಖ ಏನೆಂದರೆ ಒಂದು ಸ್ಲೈಡಿನಲ್ಲಿ ತಪ್ಪಿದರೆ ಅದೊಂದನ್ನೇ ಮತ್ತೆ ಹೇಳಿದರಾಯಿತು. ಸಾಫ್ಟ್‌ವೇರ್ ಕಲಿಸೋದಕ್ಕೆ ಮಾತ್ರ ಇದು ಅಷ್ಟು ಹೊಂದುವುದಿಲ್ಲ.

ಝೂಮ್‌ನಲ್ಲಿ ಒಬ್ಬರೇ ಮೀಟಿಂಗ್ ತೆರೆದು, ಸ್ಕ್ರೀನ್ ಹಂಚಿ, ರೆಕಾರ್ಡ್ ಮಾಡೋರೂ ಇದ್ದಾರೆ. ಉಚಿತ ಖಾತೆಯಲ್ಲೂ ನಿಮ್ಮ ಕಂಪ್ಯೂಟರಿಗೆ ಉಳಿಸಿಕೊಳ್ಳಬಹುದು, 40 ನಿಮಿಷದ ಮಿತಿ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ರೆಕಾರ್ಡಿಂಗ್ ಸಿಗುವುದಿಲ್ಲ. ಕೊರೊನಾ ಕಾಲದಲ್ಲಿ ಝೂಮ್ ಕೈಗೆ ಹತ್ತಿದವರಿಗೆ ಇದು ಸಲೀಸು. ಆದರೆ ಲೈವ್ ಕ್ಲಾಸನ್ನೇ ರೆಕಾರ್ಡ್ ಮಾಡಿ ಕಳಿಸಿಬಿಡೋಣ ಅಂದುಕೊಳ್ಳಬೇಡಿ. ಅದರಲ್ಲಿ ಕಾಲು ಭಾಗ "ಕೇಳಿಸ್ತದೇನ್ರೀ?", ಇನ್ನು ಕಾಲು ಭಾಗ ಯಾರದೋ ಮನೆಯ ಕುಕ್ಕರ್ ಸೀಟಿ. ಕ್ಲಾಸ್ ತಪ್ಪಿಸಿಕೊಂಡವರು ಅದನ್ನು ಪೂರ್ತಿ ನೋಡಿದ್ದು ನನಗೆ ಗೊತ್ತಿಲ್ಲ.

ಇನ್ನು ಓಬಿಎಸ್ ಸ್ಟುಡಿಯೋ. 2012ರಿಂದ ಇದೆ, ಪೂರ್ತಿ ಉಚಿತ, ಮಧ್ಯೆ ಜಾಹೀರಾತು ಇಲ್ಲ, ವಿಡಿಯೋ ಮೇಲೆ ತನ್ನ ಹೆಸರಿನ ಮುದ್ರೆ ಒತ್ತುವುದಿಲ್ಲ, ಸಮಯದ ಮಿತಿ ಇಲ್ಲ. ಸ್ಕ್ರೀನ್, ಕೈ ತೋರಿಸುವ ಕ್ಯಾಮೆರಾ, ಮೈಕ್ ಮೂರನ್ನೂ ಒಂದೇ ವಿಡಿಯೋದಲ್ಲಿ ಜೋಡಿಸಬಹುದು. ಹಳೇ ಕಂಪ್ಯೂಟರ್ ಇದ್ದವರು ಒಂದು ಗಮನಿಸಿ: 2022ರಲ್ಲಿ ಬಂದ 28ನೇ ಆವೃತ್ತಿಯಿಂದ ವಿಂಡೋಸ್ 7, 8ರಲ್ಲಿ ಅದು ನಡೆಯೋದಿಲ್ಲ. ಇನ್ನೊಂದು, ಬರೀ ಒಂದು ಕಿಟಕಿ ಹಿಡಿಯುವ ಆಯ್ಕೆ ಕೊಟ್ಟರೆ ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿ ವಿಡಿಯೋದಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಪಾಠಕ್ಕೆ ಇಡೀ ಡಿಸ್‌ಪ್ಲೇ ಹಿಡಿಯೋದೇ ಸರಿ.

ನಾನು ಓಬಿಎಸ್‌ಗೆ ಅಂಟಿಕೊಂಡ ಕಾರಣ ಮಾತ್ರ ಬೇರೆ. ಕರೆಂಟು. ಒಂದು ಸಲ ಬೇರೆ ಸಾಫ್ಟ್‌ವೇರಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿ ಇನ್ನೇನು ಮುಗಿಸಬೇಕು, ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಎಂಪಿ4 ಫೈಲ್ ಇದೆ, ತೆರೆಯುತ್ತಿಲ್ಲ. ಮಾಮೂಲಿ ಎಂಪಿ4 ಫೈಲಿಗೆ ಬೇಕಾದ ವಿವರವನ್ನು ಸಾಫ್ಟ್‌ವೇರ್ ಕೊನೆಗೆ ಬರೆಯುತ್ತದೆ. ಮಧ್ಯದಲ್ಲಿ ನಿಂತರೆ ಫೈಲ್ ಇದ್ದೂ ಇಲ್ಲದಂತೆ. ಓಬಿಎಸ್‌ನಲ್ಲಿ ಫೈಲಿನ ಬಗೆ ಎಂಕೆವಿ ಅಂತ ಆರಿಸಿದರೆ ಕರೆಂಟ್ ಹೋಗುವವರೆಗೆ ಆದದ್ದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನಲ್ಲಿ ರಿಮಕ್ಸ್ ಅನ್ನೋದನ್ನು ಒತ್ತಿದರೆ ಒಂದೆರಡು ಸೆಕೆಂಡಿನಲ್ಲಿ ಎಂಪಿ4 ಆಗುತ್ತದೆ. ಯುಪಿಎಸ್ ಇಲ್ಲದ ಕಡೆ ಇದೊಂದೇ ಸಾಕು ಅದನ್ನು ಆರಿಸೋದಕ್ಕೆ. ಲ್ಯಾಪ್‌ಟಾಪ್ ಇದ್ದವರಿಗೆ ಈ ತಲೆನೋವಿಲ್ಲ ಬಿಡಿ.

ಯಾವುದರಲ್ಲಿ ಮಾಡಿದರೂ ಮೊದಲು ನೋಟಿಫಿಕೇಶನ್ ಬಂದ್ ಮಾಡಿ, ವಾಟ್ಸಾಪ್ ವೆಬ್ ಮುಚ್ಚಿ. ಬಿಲ್ ಎಂಟ್ರಿ ಹೇಳಿಕೊಡುತ್ತಿರುವಾಗ ಮೂಲೆಯಲ್ಲಿ ನನ್ನ ಸೋದರಮಾವನ ಸಂದೇಶ ಬಂತು, ಕೊಟ್ಟ ಹಣ ಯಾವಾಗ ವಾಪಸ್ ಅಂತ. ಎರಡು ದಿನ ಕ್ಲಾಸಿನಲ್ಲಿ ಅದೇ ಮಾತು.

ಫೋನಿನಲ್ಲಿ ಓದಲು ಬರಬೇಕು

ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನೋಡೋದು ಫೋನಿನಲ್ಲಿ, ಮಾಡೋದು ಕ್ಲಾಸಿಗೆ ಬಂದ ಮೇಲೆ. 21 ಇಂಚಿನ ಮಾನಿಟರ್ ಫೋನಿಗೆ ಇಳಿದಾಗ ಮೂರು ನಾಲ್ಕು ಪಟ್ಟು ಕುಗ್ಗುತ್ತದೆ. ಪ್ರೆಸ್‌ನವರ ಲೆಕ್ಕದಲ್ಲಿ ಹೇಳೋದಾದರೆ 12 ಪಾಯಿಂಟ್ ಅಕ್ಷರ 3-4 ಪಾಯಿಂಟ್ ಆಯಿತು. ಇಂಗ್ಲಿಷ್ ಹೇಗೋ ಓದಬಹುದು. ಕನ್ನಡದಲ್ಲಿ ಕೆಳಗಿನ ಒತ್ತು ಕಾಣದಿದ್ದರೆ ಕತ್ತೆಯೂ ಕತೆಯೂ ಒಂದೇ.

ಇಲ್ಲಿ ಎರಡು ದಾರಿ. ಪರದೆಯ ಚುಕ್ಕೆಗಳ ಲೆಕ್ಕ, ಅಂದರೆ ರೆಸೊಲ್ಯೂಶನ್, ಪೂರ್ತಿ 1920 x 1080 ಇಟ್ಟು ರೆಕಾರ್ಡ್ ಮಾಡಿ, ಬೇಕಾದ ಜಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ದೊಡ್ಡದು ಮಾಡೋದು ಒಂದು. ಚಂದ ಕಾಣುತ್ತದೆ, ಆದರೆ ಹತ್ತು ನಿಮಿಷದ ವಿಡಿಯೋಗೆ ಎರಡು ತಾಸು ಎಡಿಟಿಂಗ್. ಇನ್ನೊಂದು, ಶುರು ಮಾಡುವ ಮೊದಲೇ ಮಾನಿಟರನ್ನು 1280 x 720ಕ್ಕೆ ಇಳಿಸೋದು. ಆಗ ಮೆನು, ಅಕ್ಷರ, ಬಟನ್ ಎಲ್ಲ ತಾವಾಗಿ ದೊಡ್ಡವಾಗುತ್ತವೆ. ಫೈಲೂ ಸಣ್ಣದಾಗುತ್ತದೆ. ನಾನು ಎರಡನೆಯದರ ಪಕ್ಷ. ಮಾಡಿದ ಮೇಲೆ ಒಂದು ಸಲ ನಿಮ್ಮ ಫೋನಿನಲ್ಲಿ, ಕೈ ದೂರದಲ್ಲಿ ಹಿಡಿದು ನೋಡಿ. ಕನ್ನಡಕ ಇದ್ದವರು ತೆಗೆದು ನೋಡಿ.

ಎಷ್ಟು ಉದ್ದ

2014ರಲ್ಲಿ ಸಂಶೋಧಕ ಫಿಲಿಪ್ ಗುವೊ ಮತ್ತು ಜೊತೆಯವರು ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ತೆಗೆದು ಪರಿಶೀಲಿಸಿದರು. 6 ನಿಮಿಷದೊಳಗಿನ ವಿಡಿಯೋಗಳನ್ನು ಜನ ಹೆಚ್ಚು ಗಮನವಿಟ್ಟು ನೋಡುತ್ತಾರೆ ಅಂತ ಕಂಡುಬಂತು. ಎಲ್ಲರೂ ಆ 6 ನಿಮಿಷದ ಮಾತನ್ನು ಹಿಡಿದುಕೊಂಡಿದ್ದಾರೆ. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಜಾಸ್ತಿ ಉಪಯೋಗ. ಉಪನ್ಯಾಸದ ವಿಡಿಯೋವನ್ನು ಜನ ಹೆಚ್ಚಾಗಿ ಒಂದೇ ಓಟದಲ್ಲಿ ನೋಡುತ್ತಾರೆ, ಮಾಡಿ ತೋರಿಸುವ ವಿಡಿಯೋಗೆ ಮತ್ತೆ ಮತ್ತೆ ಬಂದು ಬೇಕಾದ ಜಾಗ ಮಾತ್ರ ನೋಡುತ್ತಾರೆ.

ಅಂದರೆ ನಮ್ಮ ವಿಡಿಯೋ ಸಿನಿಮಾ ಅಲ್ಲ, ನಿಘಂಟು. ಬೇಕಾದ ಪದ ಕೂಡಲೇ ಸಿಗಬೇಕು. ಹಾಗಾಗಿ ನಾನು ಒಂದು ಕೆಲಸಕ್ಕೆ ಒಂದು ವಿಡಿಯೋ ಅಂತ ಮಾಡಿಕೊಂಡಿದ್ದೇನೆ. "ಒತ್ತಕ್ಷರ ಹಾಕೋದು" ಒಂದು, ಮೂರು ನಿಮಿಷ. "ಅರ್ಕಾವತ್ತು" ಒಂದು, ಎರಡು ನಿಮಿಷ. ಹೆಸರನ್ನೂ ಹಾಗೇ ಇಡುತ್ತೇನೆ. "ನುಡಿ ಭಾಗ 4" ಅಂತಿದ್ದರೆ ರಾತ್ರಿ ಹತ್ತಕ್ಕೆ ಅರ್ಕಾವತ್ತು ಹುಡುಕೋರಿಗೆ ಏನು ಗೊತ್ತಾಗಬೇಕು? ಆ 42 ನಿಮಿಷದ ವಿಡಿಯೋ ಈಗ ಹನ್ನೊಂದು ತುಂಡಾಗಿದೆ. ಒಟ್ಟು ಸೇರಿಸಿದರೆ 27 ನಿಮಿಷ. ಉಳಿದ 15 ನಿಮಿಷ ನಾನೇನು ಮಾತಾಡಿದ್ದೆನೋ.

ಮಾತು, ಸದ್ದು, ಮುಖ

ಬರೆದುಕೊಂಡು ಓದೋದಾ, ಹಾಗೇ ಮಾತಾಡೋದಾ? ಸ್ಪೋಕನ್ ಟ್ಯುಟೋರಿಯಲ್‌ನವರು ಮೊದಲು ಪೂರ್ತಿ ಬರೆದುಕೊಂಡೇ ಮಾಡುತ್ತಾರೆ. ಬೇರೆ ಭಾಷೆಗೆ ಧ್ವನಿ ಕೊಡಬೇಕಾದರೆ ಅದು ಬೇಕೇ ಬೇಕು. ನಮ್ಮಂಥ ಸಣ್ಣ ಕ್ಲಾಸಿಗೆ ಮಾತಾಡೋದೇ ಲೇಸು. ನಾನು ಓದಿದ್ದನ್ನು ಕೇಳಿದರೆ ಆಕಾಶವಾಣಿ ವಾರ್ತೆ ಕೇಳಿದಂಗೆ ಆಗ್ತದ ಅಂತ ನನ್ನ ಹೆಂಡತಿ ಹೇಳಿದಳು. ಈಗ ಒಂದು ಚೀಟಿಯಲ್ಲಿ ಐದಾರು ಪದ ಗುರುತು ಹಾಕಿಕೊಂಡು, ಕ್ಲಾಸಿನಲ್ಲಿ ಮಾತಾಡುವ ಹಾಗೇ ಮಾತಾಡುತ್ತೇನೆ. "ಇಲ್ಲಿ ಒತ್ರಿ, ಇದು ಬಂತಲ್ಲ, ಹೂಂ." ಮೆನು ಹೆಸರನ್ನು ಮಾತ್ರ ಪರದೆಯಲ್ಲಿ ಇರುವಂತೆಯೇ ಹೇಳುತ್ತೇನೆ. ಸೇವ್ ಅನ್ನೋದನ್ನು 'ಉಳಿಸು' ಅಂದರೆ ಹುಡುಗರು ಪರದೆ ತುಂಬ ಆ ಪದ ಹುಡುಕುತ್ತಾರೆ.

ಮೈಕಿಗೆ ಸಾವಿರಾರು ರೂಪಾಯಿ ಹಾಕಬೇಡಿ. ಫೋನಿನ ಇಯರ್‌ಫೋನ್ ಮೈಕ್ ಬಾಯಿಗೆ ಹತ್ತಿರ ಇದ್ದರೆ ದೂರದಲ್ಲಿಟ್ಟ ದುಬಾರಿ ಮೈಕಿಗಿಂತ ಚೆನ್ನಾಗಿ ಕೇಳುತ್ತದೆ. ಖಾಲಿ ಗೋಡೆಯ ಕೋಣೆ ಗುಂಯ್ ಅನ್ನುತ್ತದೆ. ಎದುರಿಗೆ ಒಂದು, ಬೆನ್ನ ಹಿಂದೆ ಒಂದು ಕೌದಿ ತೂಗುಹಾಕಿ. ಅಜ್ಜಿ ಹೊಲಿದ ದಪ್ಪ ಕೌದಿ ಆದರೆ ಇನ್ನೂ ಒಳ್ಳೇದು, ಹಳೇ ಸೀರೆಗಳ ಪದರು ಸದ್ದನ್ನು ನುಂಗುತ್ತದೆ. ಫ್ಯಾನ್ ಬಂದ್. ಏಪ್ರಿಲ್ ತಿಂಗಳಲ್ಲಿ ಗದಗದಲ್ಲಿ ಫ್ಯಾನ್ ಬಂದ್ ಮಾಡಿ ಕೂರೋದು ಅಂದರೆ ಅದೊಂದು ವ್ರತ. ಹಾಗಾಗಿ ನಾನು ಬೆಳಿಗ್ಗೆ ಐದೂವರೆಗೆ ಕೂರುತ್ತೇನೆ. ಸಂಜೆ ಆದರೆ ಕೆಳಗೆ ಮಿರ್ಚಿ ಗಾಡಿ. ಎಣ್ಣೆಗೆ ಮಿರ್ಚಿ ಬಿಟ್ಟಾಗಿನ ಚುರ್ ಸದ್ದು ನನ್ನ ಎರಡು ಟ್ಯಾಲಿ ವಿಡಿಯೋಗಳಲ್ಲಿ ಇವತ್ತಿಗೂ ಇದೆ. ಅದನ್ನು ಕೇಳಿದರೆ ಹಸಿವಾಗುತ್ತದೆ ಅಂತ ದೂರು.

ಮುಖ ತೋರಿಸಬೇಕಾ ಅಂದರೆ, ಮೊದಲ ಅರ್ಧ ನಿಮಿಷ ತೋರಿಸಿ, ಪರಿಚಯಕ್ಕೆ. ಆಮೇಲೆ ತೆಗೆಯಿರಿ. ಆ ಜಾಗ ಕೀಬೋರ್ಡಿಗೆ ಬೇಕು.

ತಲುಪಿಸೋದು ಹೇಗೆ

ವಾಟ್ಸಾಪ್ ಗುಂಪಿಗೆ ಹಾಕೋದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು ಕೂಡ. ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಅಕ್ಷರ ಮಸುಕಾಗುತ್ತದೆ. ಮದುವೆ ವಿಡಿಯೋಗೆ ನಡೆಯುತ್ತದೆ, ಸ್ಕ್ರೀನ್ ಪಾಠಕ್ಕೆ ನಡೆಯೋದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದಂಗೆ ಹೋಗುತ್ತದೆ, 2 ಜಿಬಿವರೆಗೆ. ಆದರೆ ಮೂರು ದಿನದಲ್ಲಿ ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತದೆ.

ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಅಂತ ಆರಿಸಿ ಹಾಕಿದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ವೇಗ ಕಡಿಮೆ ಮಾಡಿ ನೋಡಬಹುದು, ನೆಟ್‌ವರ್ಕ್ ಕಮ್ಮಿ ಇದ್ದರೆ ಗುಣಮಟ್ಟ ತಾನಾಗಿ ಇಳಿಯುತ್ತದೆ. ಎಲ್ಲವನ್ನೂ ಪ್ಲೇಲಿಸ್ಟ್‌ನಲ್ಲಿ ಸಾಲಾಗಿ ಇಡಬಹುದು. ನನ್ನ ಆಯ್ಕೆ ಇದೇ. ಖಾತೆಗೆ ಫೋನ್ ನಂಬರ್ ದೃಢೀಕರಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ್ದು ಹತ್ತೋದಿಲ್ಲ. ನಮ್ಮದು ಮೂರು ನಿಮಿಷದ್ದು, ಆ ಚಿಂತೆ ಇಲ್ಲ.

ಗುಡ್ಡದ ಸೆರಗಿನ ಊರುಗಳಿಂದ ಬರೋರಿಗೆ ನೆಟ್‌ವರ್ಕೇ ಸಿಗೋದಿಲ್ಲ. ಅವರಿಗೆ ಮೆಮೊರಿ ಕಾರ್ಡ್. ಫೈಲ್ ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು: ಬಿಟ್‌ರೇಟನ್ನು (ಒಂದು ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ) ವಿಡಿಯೋದ ಒಟ್ಟು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿ. 2500 ಕೆಬಿಪಿಎಸ್‌ನಲ್ಲಿ 6 ನಿಮಿಷಕ್ಕೆ ಸುಮಾರು 112 ಎಂಬಿ. ಸ್ಕ್ರೀನ್ ಪಾಠದಲ್ಲಿ ಚಿತ್ರ ಅಷ್ಟೇನೂ ಅಲುಗಾಡುವುದಿಲ್ಲ, ಹಾಗಾಗಿ 800ಕ್ಕೆ ಇಳಿಸಿದರೂ ಅಕ್ಷರ ಓದಲು ಬರುತ್ತದೆ. ಧ್ವನಿಯೂ ಸೇರಿ 42 ಎಂಬಿ ಆಸುಪಾಸು.

ವಿಡಿಯೋ ಬೇಡದ ಕಡೆ

ಟ್ಯಾಲಿಯ ಶಾರ್ಟ್‌ಕಟ್ ಕೀಗಳಿಗೆ ವಿಡಿಯೋ ಮಾಡಿ ನಾನು ದಡ್ಡತನ ಮಾಡಿದೆ. ಯಾರೂ ನೋಡಲಿಲ್ಲ. ಒಂದು ಎ4 ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟೆ, ಎಲ್ಲರ ಮಾನಿಟರ್ ಪಕ್ಕ ಅಂಟಿಕೊಂಡಿದೆ. ನೆನಪಿಟ್ಟುಕೊಳ್ಳುವ ಪಟ್ಟಿಗೆ ಹಾಳೆ, ಮಾಡುವ ಕ್ರಮಕ್ಕೆ ವಿಡಿಯೋ. ಬೆರಳು ಕೂರಿಸುವ ಮೊದಲ ವಾರಕ್ಕೆ ಎರಡೂ ಅಲ್ಲ, ಕ್ಲಾಸಿಗೇ ಬರಬೇಕು. ಕಿರುಬೆರಳು ಎತ್ತಿ ತೋರುಬೆರಳಲ್ಲೇ ಎಲ್ಲ ಹೊಡೆಯುತ್ತಿದ್ದರೆ ವಿಡಿಯೋ ಅದನ್ನು ನೋಡಿ "ಏ ತಮ್ಮಾ" ಅನ್ನೋದಿಲ್ಲವಲ್ಲ.

ಇತ್ತೀಚೆಗೆ ನಾನು ತಿರುಗಾಮುರುಗಾ ಮಾಡಿ ನೋಡುತ್ತಿದ್ದೇನೆ. ನಾನು ಕಳಿಸೋದಕ್ಕಿಂತ ಹುಡುಗರೇ ತಮ್ಮ ಸ್ಕ್ರೀನ್ ರೆಕಾರ್ಡ್ ಮಾಡಿ ಎರಡು ನಿಮಿಷದ್ದು ಕಳಿಸೋದು. ಬರಲ್ಲ ಅಂದವರು ಫೋನ್ ಹಿಡಿದು ಮಾನಿಟರನ್ನೇ ಶೂಟ್ ಮಾಡಿದರೂ ಆಯಿತು. ಬೆಟಗೇರಿಯ ಒಬ್ಬಳು ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನಾಲ್ಕು ದಿನದಿಂದ ಒಂದೇ ದೂರು: "ಸರ, ನಿಮ್ಮ ವಿಡಿಯೋದಾಗ ತೋರಿಸಿದಂಗ ಮಾಡಿದ್ರೂ ತಾರೀಖ ತಗೊಳ್ಳವಲ್ದ್ರೀ." ಫೋನಿನಲ್ಲಿ ಎಷ್ಟು ಕೇಳಿದರೂ ನನಗೆ ತಿಳಿಯಲಿಲ್ಲ. ಕೊನೆಗೆ ಅವಳು ಅಡ್ಡಡ್ಡ ಹಿಡಿದು ಶೂಟ್ ಮಾಡಿದ ವಿಡಿಯೋ ಬಂತು. ಎಫ್2 ಸರಿಯಾಗೇ ಒತ್ತಿದ್ದಾಳೆ. 12 ಅಂತ ಹೊಡೆಯುತ್ತಾಳೆ, ತಗೊಳ್ಳುತ್ತಿಲ್ಲ. ಮತ್ತೆ ನೋಡಿದಾಗ ಪರದೆಯ ಮೇಲೆ ಎಜುಕೇಶನಲ್ ಅಂತ ಇರೋದು ಕಣ್ಣಿಗೆ ಬಿತ್ತು. ಲೈಸೆನ್ಸ್ ಇಲ್ಲದ ಆ ಅಭ್ಯಾಸದ ಟ್ಯಾಲಿ ತಿಂಗಳ 1, 2 ಮತ್ತು 31ನೇ ತಾರೀಖು ಬಿಟ್ಟು ಬೇರೆ ಎಂಟ್ರಿ ತಗೊಳ್ಳುವುದೇ ಇಲ್ಲ. ನಾನು ಕ್ಲಾಸಿನ ಲೈಸೆನ್ಸ್ ಇರೋ ಕಂಪ್ಯೂಟರಿನಲ್ಲಿ ಆರಾಮಾಗಿ 12 ಅಂತ ಹೊಡೆದು ತೋರಿಸಿದ್ದೆ.

ಮರುದಿನ ಐದೂವರೆಗೆ ಎದ್ದು, ಕೌದಿ ಕಟ್ಟಿ, ಬಿಲ್‌ಗಳ ತಾರೀಖನ್ನೆಲ್ಲ 1 ಮತ್ತು 2 ಮಾಡಿಕೊಂಡು ಆ ಪಾಠ ಮತ್ತೆ ರೆಕಾರ್ಡ್ ಮಾಡಿದೆ.